ತೊಳೆದ ಹಲಗೆ

“ಗುರುಗಳೇ, ನಾನು ಸುಳ್ಳು ಹೇಳಿಲ್ಲ. ಕೇಳುವವರಿಗೆ ಬೇಸರವಾಗದಿರಲಿ ಎಂದು ನಿಜವನ್ನೇ ಸ್ವಲ್ಪ ಮೆತ್ತಗೆ ಹೇಳಿದೆ. ಅದು ಪಾಪವೇ?”

ಕೇಳಿದವನು ಶ್ರೀಪತಿ. ಚಿಕ್ಕಂದಿನಲ್ಲಿ ಮಠದಲ್ಲಿ ಓದಿದವನು. ಈಗ ಸಮುದ್ರದಲ್ಲಿ ಏನಾದರೂ ಕಟ್ಟುವ ಮೊದಲು ತಳದ ಮಣ್ಣು ಪರೀಕ್ಷಿಸಿ, ಅಲ್ಲಿ ಕಟ್ಟಬಹುದೋ ಬಾರದೋ ಎಂದು ಹೇಳುವುದು ಅವನ ಕೆಲಸ. ಹಡಗು ನಿಲ್ಲಿಸುವ ಹೊಸ ಜೆಟ್ಟಿಯೊಂದರ ಜಾಗದಲ್ಲಿ ಮರಳಿನ ಕೆಳಗೆ ಮೆದು ಕೆಸರು ಸಿಕ್ಕಿತ್ತು. ಮಾಲೀಕರಿಗೆ ಅವನು ಹೇಳಿದ್ದು ಒಂದೇ ಮಾತು: ಎಚ್ಚರ ವಹಿಸಿ ಕಟ್ಟಬಹುದು. ನಾಡಿದ್ದು ಕೆಲಸದವರು ಅಲ್ಲಿ ಮೊದಲ ಕಂಬ ಇಳಿಸುವವರಿದ್ದರು.

ಗುರುಗಳ ಮುಖ ಕೆಂಪಾಯಿತು.

“ಮೆತ್ತಗೆ! ನಿಜ ಅಂದರೆ ಹಪ್ಪಳದ ಹಿಟ್ಟೇನೋ, ಬೇಕಾದಷ್ಟು ಮೆತ್ತಗೆ ನಾದಿಕೊಳ್ಳಲಿಕ್ಕೆ? ಕೂತುಕೋ. ಕೇಳು.”

ಒಬ್ಬ ವರ್ತಕನಿದ್ದ. ಅವನ ಹಡಗುಗಳು ದಡದವರೆಗೆ ಬರಲು ಆಳ ಸಾಲುತ್ತಿರಲಿಲ್ಲ. ಸಮುದ್ರದ ಒಳಗೇ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ ಹಡಗನ್ನು ಅಲ್ಲೇ ನಿಲ್ಲಿಸಬೇಕೆಂದು ಹೊರಟ. ತಳ ನೋಡುವವನೊಬ್ಬನನ್ನು ಕರೆಸಿದ.

ತಳ ನೋಡುವವನು ಕೆಲಸ ಬಲ್ಲವನು. ಸೀಸದ ಗುಂಡಿನ ಅಡಿಗೆ ಕೊಬ್ಬು ಸವರಿ ಹಗ್ಗದಲ್ಲಿ ಇಳಿಸಿದ. ಕೊಬ್ಬಿಗೆ ಬಿಳಿ ಮರಳು ಅಂಟಿಕೊಂಡು ಬಂತು. ಅಷ್ಟಕ್ಕೆ ಬಿಡದೆ ಪೊಳ್ಳು ಕಬ್ಬಿಣದ ಕೊಳವೆಯನ್ನು ತಳಕ್ಕೆ ಹೊಡೆದು, ಮೇಲೆತ್ತಿ, ಒಳಗಿದ್ದದ್ದನ್ನು ಹಲಗೆಯ ಮೇಲೆ ಉದ್ದಕ್ಕೆ ಜಾರಿಸಿದ. ಸಮುದ್ರದ ಅಡಿಯಲ್ಲಿ ಹೇಗಿತ್ತೋ ಹಾಗೇ ಪದರ ಪದರವಾಗಿ ಬಂತು.

ಆ ಕಡೆ ಒಂದು ಕಟ್ಟಳೆಯಿತ್ತು. ಆ ಹಲಗೆಯನ್ನು ದಡಕ್ಕೆ ತಂದು ಕೆಲಸಕ್ಕೆ ಇಳಿಯುವವರ ಮುಂದೆ ಇಡಬೇಕು. ಒಬ್ಬೊಬ್ಬನೂ ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಬೇಕು. ಬೆರಳು ಹೂತುಹೋದರೆ ಯಾರೂ ಇಳಿಯುವುದಿಲ್ಲ, ಅರಸನೇ ಬಂದು ಹೇಳಲಿ. ಈ ಕಟ್ಟಳೆ ಮಾಡಿದವರು ವರ್ತಕರಲ್ಲ ಕಣೋ. ಹಿಂದೆ ಮುಳುಗಿ ಸತ್ತವರ ಮನೆಯವರು.

ಅವತ್ತು ಹಲಗೆಯ ಮೇಲೆ ಬಂದದ್ದೇನು? ಮೇಲೆ ಒಂದು ಗೇಣು ಮರಳು. ಅದರ ಕೆಳಗೆ ಬರೀ ಕರಿ ಕೆಸರು. ಕೊಳೆತ ವಾಸನೆ. ನೋಡುತ್ತಿದ್ದ ಹಾಗೇ ಗುಳ್ಳೆ ಎದ್ದು ಒಡೆಯುತ್ತಿತ್ತು. ತಳವೂ ಸಮವಿರಲಿಲ್ಲ, ಒಂದು ಕಡೆಗೆ ಇಳಿಜಾರು. ಮೇಲೆ ಭಾರ ಬಿದ್ದರೆ ಬಾಳೆಲೆಯ ಮೇಲಿನ ಪಾಯಸದ ಹಾಗೆ ಎಲ್ಲವೂ ಜಾರಿಹೋಗುತ್ತದೆಂದು ಅವನಿಗೆ ಅಲ್ಲೇ ತಿಳಿಯಿತು.

ದೋಣಿಯಲ್ಲಿ ವರ್ತಕನೂ ಇದ್ದ. ಅವನು ಬೈಯಲಿಲ್ಲ, ಹೆದರಿಸಲಿಲ್ಲ. ತನ್ನ ಕೈಯಾರೆ ಎಳನೀರು ಕೆತ್ತಿ ಕೊಟ್ಟ.

“ಮಾರಾಯರೇ, ಕಲ್ಲು ಬಂದಾಗಿದೆ, ಮುಹೂರ್ತ ಇಟ್ಟಾಗಿದೆ. ಈ ಹಲಗೆ ತೋರಿಸಿದರೆ ಒಬ್ಬನೂ ಇಳಿಯುವುದಿಲ್ಲ. ನಿಮ್ಮ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ” ಎಂದ.

ತಳ ನೋಡುವವನು ಎಳನೀರು ಕುಡಿದ. ಆಮೇಲೆ ಹಲಗೆಯನ್ನು ಸಮುದ್ರಕ್ಕೆ ಅದ್ದಿ ತೊಳೆದ.

ದಡದಲ್ಲಿ ಕಲ್ಲುಕೆಲಸದ ಮೇಸ್ತ್ರಿ ತನ್ನ ಜನರೊಂದಿಗೆ ಕಾದಿದ್ದ. “ಹಲಗೆ ಎಲ್ಲಿ ಅಣ್ಣಾ?” ಎಂದು ಕೇಳಿದ.

“ತೊಳೆದುಬಿಟ್ಟೆ. ತಳ ಪರವಾಗಿಲ್ಲ. ಸ್ವಲ್ಪ ನೋಡಿಕೊಂಡು ಕಟ್ಟಿ.”

ಅವನು ಸುಳ್ಳನಾಗಿದ್ದರೆ ಎಷ್ಟೋ ಚೆನ್ನಾಗಿತ್ತು! ಸುಳ್ಳನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಇನ್ನೊಮ್ಮೆ ಕೊಳವೆ ಹೊಡೆಸುತ್ತಿದ್ದರು. ಈ ಮಹಾನುಭಾವ ಹುಟ್ಟಿದಂದಿನಿಂದ ಸುಳ್ಳು ಹೇಳಿದವನಲ್ಲ. ಮೇಸ್ತ್ರಿ ನಂಬಿದ. ಮೇಸ್ತ್ರಿ ನಂಬಿದನೆಂದು ಉಳಿದವರೂ ದೋಣಿ ಹತ್ತಿದರು.

ನೋಡಿಕೊಂಡೇ ಕಟ್ಟಿದರು, ಪಾಪ! ಒಂದೊಂದು ಕಲ್ಲಿಗೂ ತೂಗುಗುಂಡು ಬಿಟ್ಟು ನೋಡಿದರು. ಎಲ್ಲೂ ಕೂದಲೆಳೆಯಷ್ಟು ಓರೆಯಿಲ್ಲ. ಕಟ್ಟೆ ನೀರಿನಿಂದ ಆಳೆತ್ತರ ಎದ್ದಿತು. ಒಂದು ಮಧ್ಯಾಹ್ನ, ಗಾಳಿಯಿಲ್ಲ, ತೆರೆಯಿಲ್ಲ, ಬುಡದ ಕೆಸರು ಸರಿಯಿತು. ಇಡೀ ಕಟ್ಟೆ ಇಳಿಜಾರಿಗೆ ಜಾರಿ ಒಳಗೆ ಹೋಯಿತು. ಮೇಲೆ ಬುತ್ತಿ ಬಿಚ್ಚಿ ಉಣ್ಣುತ್ತಾ ಕೂತಿದ್ದವರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ.

ಮೇಸ್ತ್ರಿಯ ಹೆಂಡತಿ ತಳ ನೋಡುವವನ ಮನೆಗೆ ಬಂದಳು. ಅಳಲಿಲ್ಲ. ಅಂಗಳದಲ್ಲೇ ನಿಂತು ಕೇಳಿದಳು: “ನೋಡಿಕೊಂಡು ಕಟ್ಟಿ ಎಂದಿರಂತೆ. ಅವರು ಏನು ನೋಡಿಕೊಳ್ಳಬೇಕಿತ್ತು?”

“ತಂಗೀ, ನಾನು ಎಚ್ಚರಿಕೆ ಕೊಟ್ಟಿದ್ದೆ.”

“ಕೊಟ್ಟಿದ್ದಿರಿ. ಏನು ನೋಡಿಕೊಳ್ಳಬೇಕಿತ್ತು, ಅದನ್ನು ಹೇಳಿ.”

ಅವನು ಏನೆಂದು ಹೇಳಿಯಾನು? ನೋಡಬೇಕಾದದ್ದನ್ನು ತಾನೇ ತೊಳೆದು ಬಂದಿದ್ದ! ಅವಳು ಹೋದ ಮೇಲೆ ದೋಣಿ ತೆಗೆದುಕೊಂಡು ಅದೇ ಜಾಗಕ್ಕೆ ಹೋದ. ಕೊಳವೆ ಹೊಡೆದು, ಕೆಸರು ಎತ್ತಿ, ಹಲಗೆಯನ್ನು ದಡದಲ್ಲಿಟ್ಟುಕೊಂಡು ಕೂತ. ಹೋಗಿಬರುವವರನ್ನೆಲ್ಲ ಒತ್ತಿ ನೋಡಿ ಎಂದು ಕರೆದ. ಯಾರೂ ಹತ್ತಿರ ಬರಲಿಲ್ಲ. ಅದನ್ನು ಒತ್ತಿ ನೋಡಬೇಕಾಗಿದ್ದವರು ನೀರಿನ ತಳದಲ್ಲಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಶ್ರೀಪತಿ ಸಣ್ಣ ದನಿಯಲ್ಲಿ ಕೇಳಿದ: “ಹಾಗಾದರೆ ಅವನಿಗೆ ಪಾಪ ಬಂತು, ಅಲ್ಲವೇ ಗುರುಗಳೇ?”

“ಅವನ ಪಾಪ ಕಟ್ಟಿಕೊಂಡು ನನಗೇನೋ ಆಗಬೇಕು!” ಗುರುಗಳು ಗದರಿದರು. “ನಿಮ್ಮವರು ಕಂಬ ಇಳಿಸುವುದು ನಾಡಿದ್ದು ಎಂದೆಯಲ್ಲ?”

“ಹೌದು.”

“ಮತ್ತೆ ನೀನು ಇಲ್ಲಿ ಯಾಕೆ ಕೂತಿದ್ದೀಯ?”