ಯುವರಾಜನನ್ನು ತಡೆದವರು ಯಾರು

"ಕೇಳಿರಪ್ಪೋ ಕೇಳಿ! ಯುವರಾಜರನ್ನು ಬಲಿ ತೆಗೆದುಕೊಂಡ ರೋಗ ನಾಡಿನಲ್ಲಿ ಹಬ್ಬುತ್ತಿದೆ. ರಾಜಕುಮಾರಿ ಮಂದಾಕಿನಿಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ತಲೆದಂಡ!"

ರಾಜ ಶೂರಮಲ್ಲನ ಡಂಗುರ ಕೇಳಿ ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ.

"ಅದಕ್ಕೆ ಹಲ್ಲಿಲ್ಲ, ಕಾಲಿಲ್ಲ. ರಕ್ತದಿಂದ ರಕ್ತಕ್ಕೆ ದಾಟುತ್ತದೆ. ವರ್ಷಗಟ್ಟಲೆ ಮೈಯೊಳಗಿದ್ದರೂ ಮೈಯವನಿಗೇ ಸುಳಿವು ಕೊಡುವುದಿಲ್ಲ. ಏನದು?" ಎಂದಳು ಮಂದಾಕಿನಿ.

"ಮಾಟ" ಎಂದ ಅವನು. ಸೆರೆಮನೆಗೆ ಹೋದ.

ಆಸ್ಥಾನದ ವೈದ್ಯ ಮೊದಲನೆಯದನ್ನು ಬಿಡಿಸಿದ. ಆಗ ಅವಳು ಎರಡನೆಯದನ್ನು ಕೇಳಿದಳು: "ಹಂಚಿಕೊಂಡರೆ ಗೆಳೆತನ ಅನ್ನಿಸುತ್ತದೆ. ತೊಳೆದರೆ ಶುಚಿಯಾಗಿ ಕಾಣುತ್ತದೆ. ಒಬ್ಬನ ಸಾವನ್ನು ನಾಲ್ವರಿಗೆ ಬಡಿಸುತ್ತದೆ."

"ಹೆಂಡದ ಬಟ್ಟಲು" ಎಂದ ವೈದ್ಯ. ಅವನೂ ಸೆರೆ ಸೇರಿದ. ಅಮಾವಾಸ್ಯೆಗೆ ಇಬ್ಬರ ತಲೆಯೂ ಹೋಗಲಿತ್ತು.

ಮೂರನೆಯವನಾಗಿ ಬಂದವನು ಸಂತೆಯಲ್ಲಿ ಮೂಟೆ ಹೊರುವ ದೇವೀರ. ಆಸ್ಥಾನದವರು ಮುಸಿಮುಸಿ ನಕ್ಕರು.

"ಮೊದಲನೆಯದು ಎಚ್‌ಐವಿ ಸೋಂಕು, ತಾಯಿ. ಎರಡನೆಯದು ಅಮಲಿನ ಮದ್ದು ಚುಚ್ಚಿಕೊಳ್ಳುವ ಸೂಜಿ. ಒಬ್ಬ ಚುಚ್ಚಿಕೊಂಡು ಇನ್ನೊಬ್ಬನಿಗೆ ಕೊಡುತ್ತಾನೆ. ಒಳಗೆ ಉಳಿದ ರಕ್ತ ಕಣ್ಣಿಗೆ ಕಾಣುವುದಿಲ್ಲ. ನೀರಲ್ಲಿ ತೊಳೆದರೂ ಸೋಂಕು ಹೋಗುವುದಿಲ್ಲ."

ಮಂದಾಕಿನಿ ಮೂರನೆಯದನ್ನು ಕೇಳಿದಳು. "ಸೋಂಕನ್ನು ಹತೋಟಿಯಲ್ಲಿಡುವ ಮಾತ್ರೆ ಊರಿನಲ್ಲೇ ಇತ್ತು. ನನ್ನಣ್ಣ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸು ಬಂದ. ಬಾಗಿಲು ತೆರೆದೇ ಇತ್ತು. ಅವನನ್ನು ತಡೆದವರು ಯಾರು?"

ದೇವೀರ ರಾಜನ ಕಡೆ ತಿರುಗಿದ.

"ತಾವು, ಮಹಾಪ್ರಭು."

ಕಾವಲಿನವನು ಕತ್ತಿ ಹಿರಿದ. ರಾಜ ಕೈಯೆತ್ತಿ ತಡೆದ. "ಬಿಡಿಸಿ ಹೇಳು."

"ಸೂಜಿಯ ಸಮೇತ ಸಿಕ್ಕಿಬಿದ್ದವರಿಗೆ ಐವತ್ತು ಛಡಿಯೇಟು ಅಂತ ತಮ್ಮ ಕಟ್ಟಳೆ. ಏಟಿಗೆ ಹೆದರಿ ಯಾರೂ ಸ್ವಂತ ಸೂಜಿ ಇಟ್ಟುಕೊಳ್ಳಲಿಲ್ಲ. ಒಂದನ್ನೇ ಬಚ್ಚಿಟ್ಟು ಹತ್ತು ಜನ ಚುಚ್ಚಿಕೊಂಡೆವು. ಆಸ್ಪತ್ರೆಗೆ ಹೋದರೆ ಗುಟ್ಟು ಬಯಲಾಗುತ್ತದಲ್ಲ? ಬುದ್ಧಿ, ಯುವರಾಜರೂ ಹಾಗೆ ಚುಚ್ಚಿಕೊಂಡವರೇ, ಅವರಿಗೂ ಅದೇ ಭಯವಿತ್ತು."

"ಚುಚ್ಚಿಕೊಂಡೆವು ಎಂದೆಯಾ?" ಎಂದ ರಾಜ.

ದೇವೀರ ಅಂಗಿಯ ತೋಳು ಮೇಲೇರಿಸಿ ಕಲೆಗಳನ್ನು ತೋರಿಸಿದ. "ನನಗೂ ಸೋಂಕಿದೆ. ಬೀದಿಯಲ್ಲಿ ಬಿದ್ದಿದ್ದ ನನ್ನನ್ನು ಸೂಲಗಿತ್ತಿ ಬಸಕ್ಕ ಮನೆಗೆ ಕರೆದೊಯ್ದರು. ಯಾಕೆ ಚುಚ್ಚಿಕೊಂಡೆ ಅಂತ ಒಂದು ದಿನವೂ ಬೈಯಲಿಲ್ಲ. ಏಟಿನ ಭಯವಿದ್ದರೂ ಹೊಸ ಸೂಜಿ ತಂದುಕೊಟ್ಟರು, ರಕ್ತಪರೀಕ್ಷೆಗೆ ಜೊತೆಗೆ ಬಂದರು. ಚಟ ಬಿಡಲು ಎರಡು ವರ್ಷ ಹಿಡಿಯಿತು. ದಿನಾ ಮಾತ್ರೆ ನುಂಗುತ್ತೇನೆ, ಮೂಟೆ ಹೊರುತ್ತೇನೆ. ಈ ಉಸಿರು ಅವರು ಕೊಟ್ಟದ್ದು."

ಮಂದಾಕಿನಿ ಕಣ್ಣೊರೆಸಿಕೊಂಡಳು. "ಮೂರೂ ಸರಿ. ಮೂರನೆಯ ಉತ್ತರ ನನಗೆ ಗೊತ್ತಿತ್ತು, ಅಪ್ಪಾಜಿ. ನಿಮ್ಮೆದುರು ಹೇಳುವ ಧೈರ್ಯವಿರಲಿಲ್ಲ."

ರಾಜ ಸಿಂಹಾಸನದಿಂದ ಇಳಿದು ಬಂದ. "ಅರ್ಧ ರಾಜ್ಯ ನಿನ್ನದು."

"ನನಗೆ ಬೇಡ, ಬುದ್ಧಿ. ಛಡಿಯ ಕಟ್ಟಳೆ ತೆಗೆಯಿರಿ. ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಬಸಕ್ಕ ಕದ್ದುಮುಚ್ಚಿ ಮಾಡುತ್ತಿದ್ದ ಕೆಲಸವನ್ನು ಹಗಲಲ್ಲಿ ಮಾಡಲು ಒಂದು ಮನೆ ಕೊಡಿ."

ರಾಜ ಮೂರನ್ನೂ ನಡೆಸಿಕೊಟ್ಟ. ಹೊಸ ಮನೆಗೆ ದೇವೀರನೇ ಮೇಲ್ವಿಚಾರಕನಾದ. ಬಾಗಿಲು ತೆರೆದ ದಿನ ಅರಮನೆಯ ಪಲ್ಲಕ್ಕಿಯಲ್ಲಿ ಬಸಕ್ಕನನ್ನು ಕರೆತಂದರು. ಮುದುಕಿ ಗಾಬರಿಯಿಂದ ಇಳಿಯುವಷ್ಟರಲ್ಲಿ ಶೂರಮಲ್ಲ ಎಲ್ಲರೆದುರು ಅವಳ ಕಾಲು ಮುಟ್ಟಿದ.

"ನನ್ನ ಮಗ ಹೋದ, ತಾಯಿ. ಇವನನ್ನು ಉಳಿಸಿದಿರಲ್ಲ."

"ಏಳಪ್ಪಾ" ಎಂದಳು ಬಸಕ್ಕ, ಅವನು ರಾಜನೆಂಬುದನ್ನೇ ಮರೆತು. "ಒಳಗೆ ಜನ ಕಾಯುತ್ತಿದ್ದಾರೆ, ಬಾ."