ಸೆರ್ಕೆಬೇಕ್ ಮತ ಎಣಿಸಿದ ಬಗೆ

“ನೀರಿಗೆ ದಾರಿ ಯಾವುದಯ್ಯಾ?” ಮಧ್ಯ ಏಷ್ಯಾದ ಹುಲ್ಲುಬಯಲಲ್ಲಿ ದಾರಿ ತಪ್ಪಿ ಬಾಯಾರಿದ್ದ ಒಂಟೆ, ಕುರಿಮಂದೆಯ ಮುಂದೆ ನಡೆಯುತ್ತಿದ್ದ ಹೋತನನ್ನು ಕೇಳಿದಳು.

“ಅಯ್ಯಾ ಅಲ್ಲ, ಸೆರ್ಕೆಬೇಕ್ ಅನ್ನು. ಬೇಕ್ ಅಂದರೆ ನಮ್ಮಲ್ಲಿ ದೊರೆ. ಇಲ್ಲಿ ಎಲ್ಲ ದಾರಿಯೂ ಸ್ವಾತಂತ್ರ್ಯ ಮಾರ್ಗವೇ. ನಮ್ಮನ್ನು ಮೇಯಿಸುತ್ತಿದ್ದ ಹಳೆಯ ಧಣಿ ಉತ್ತರಕ್ಕೆ ಹೋದ ದಿನವೇ ಬೋರ್ಡು ಬದಲಾಯಿಸಿದೆ.”

“ಕೊರಳಲ್ಲಿ ಅವನು ಕಟ್ಟಿದ ಗಂಟೆಯೇ ಇದೆಯಲ್ಲ?”

“ಅದು ಗಂಟೆಯಲ್ಲ, ರಾಷ್ಟ್ರಲಾಂಛನ!”

ಹಿಂದಿದ್ದ ಮುದಿಕುರಿ ಐಸುಲು ಪಿಸುಗುಟ್ಟಿದಳು: “ಎಡಕ್ಕೆ ಹೋಗು ಮಾರಾಯ್ತಿ, ಜೊಂಡಿನ ಆಚೆ ನೀರಿದೆ. ನಾನು ಹೇಳಿದೆ ಅನ್ನಬೇಡ.”

ಒಂಟೆ ಹೊಟ್ಟೆ ತುಂಬ ಕುಡಿದು ಬರುವಷ್ಟರಲ್ಲಿ ಯಾರೋ ಚಾಡಿ ಹೇಳಿಯಾಗಿತ್ತು. ಹೋತ ಬಂಡೆ ಹತ್ತಿ ನಿಂತಿದ್ದ.

“ಪರದೇಶದವಳಿಗೆ ನಮ್ಮ ನೀರು ತೋರಿಸಿದ ಐಸುಲುವನ್ನು ತೋಳಗಳ ಬಳಿಗೆ ರಾಯಭಾರಿಯಾಗಿ ಕಳಿಸುತ್ತೇನೆ. ಮತ ಹಾಕಿ. ಅವಳು ಮಂದೆಗೆ ಬೇಕೇ?”

“ಬ್ಯಾ!” ಎಂದವು ಕುರಿಗಳು. ಗುಂಪಿನಲ್ಲಿ ನಿಂತಾಗ ಅವಕ್ಕೆ ಬರುವುದು ಅದೊಂದೇ ಮಾತು.

“ಬ್ಯಾಡವಂತೆ! ಸರ್ವಾನುಮತ! ಧಣಿಯ ಕಾಲದಿಂದಲೂ ನಾವು ಹೀಗೇ ಎಣಿಸುವುದು.”

ಒಂಟೆ ಕತ್ತೆತ್ತಿ ಇಡೀ ಬಯಲಿಗೆ ಕೇಳುವಂತೆ ಕೂಗಿದಳು: “ಈ ಬೇಕ್ ಬೇಕೇನ್ರವ್ವಾ?”

“ಬ್ಯಾ!”

“ಪ್ರಶ್ನೆ ಕೇಳುವ ಹಕ್ಕು ನನ್ನದು!” ಎಂದು ಹೋತ ಅರಚಿದ.

“ಎಣಿಕೆ ಮಾತ್ರ ನಿನ್ನದೇ, ದೊರೆ,” ಎಂದು ಒಂಟೆ ಅವನ ರಾಷ್ಟ್ರಲಾಂಛನವನ್ನು ಕೊರಳಪಟ್ಟಿಯ ಸಮೇತ ಹಲ್ಲಿನಲ್ಲಿ ಕಚ್ಚಿದಳು. “ನಿನ್ನ ನೀರಿನ ಋಣ ತೀರಿತು, ಐಸುಲು,” ಎಂದು ಕಚ್ಚಿದ ಹಿಡಿತ ಬಿಡದೆಯೇ ಹೇಳಿ, ಹೊಸ ರಾಯಭಾರಿಯನ್ನು ತೋಳಗಳ ದಿಕ್ಕಿಗೆ ಎಳೆದುಕೊಂಡು ಹೊರಟಳು.