ಟುವ್ವಿಯ ಗಂಟಿಲ್ಲದ ಹೊಲಿಗೆ

ಜಗತ್ತು ಇನ್ನೂ ಹೊಚ್ಚ ಹೊಸದಾಗಿದ್ದ ಕಾಲ. ಆಗ ಗಾಳಿಗೆ ಬಾಯಿತ್ತು, ಎಲೆಗೆ ಕಿವಿಯಿತ್ತು. ಹಕ್ಕಿಗಳು ಮನೆಗಳ ಕಟ್ಟೆಗೆ ಬಂದು ಕಷ್ಟಸುಖ ಮಾತಾಡುತ್ತಿದ್ದವು.

ಆಗ ಟುವ್ವಿ ಅಂತ ಒಬ್ಬಳು ಹಕ್ಕಿ ಇದ್ದಳು. ಹೆಬ್ಬೆರಳಿನಷ್ಟು ಮೈ, ಊರಿಗೆಲ್ಲ ಕೇಳುವಷ್ಟು ಬಾಯಿ! ಕಾಗೆಗೆ ಕಡ್ಡಿ ಜೋಡಿಸಲು ಬರುತ್ತಿತ್ತು, ಗೀಜುಗಕ್ಕೆ ಹುಲ್ಲು ನೇಯಲು ಬರುತ್ತಿತ್ತು. ಟುವ್ವಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಪಾಪ, ದಾಸವಾಳದ ಅಗಲವಾದ ಎಲೆಯ ಮೇಲೆ ಮೊಟ್ಟೆಯಿಟ್ಟು ಕೂತಳು. ಗಾಳಿ ಬಂತು, ಎಲೆ ಮಗುಚಿತು, ಮೊಟ್ಟೆಗಳು ನೆಲಕ್ಕೆ ಬಿದ್ದು ಒಡೆದವು. ಟುವ್ವಿ ಊರಿಗೆಲ್ಲ ಕೇಳುವಂತೆ ಅತ್ತಳು.

"ನಾ ಏನ ಬೇಕಂತ ಮಾಡಿದ್ನೇನು?" ಎಂದಿತು ಗಾಳಿ, ತಲೆ ತಗ್ಗಿಸಿ. "ಓಡಾಡೋದು ನನ್ನ ಹಣೇಬರಹ. ಮುಂದಿನ ಸಲ ಗಟ್ಟಿ ಮನಿ ಕಟ್ಕೊಳ್ಳವಾ."

ಕೆಲವು ದಿನಗಳಲ್ಲಿ ಟುವ್ವಿಗೆ ಮತ್ತೆ ಮೊಟ್ಟೆಯಿಡುವ ಹೊತ್ತು ಬಂತು. ಸಂಜೆಗೆ ಗಾಳಿಯೂ ಬರುವುದಿತ್ತು. ಮನೆ ಮಾತ್ರ ಇರಲಿಲ್ಲ.

ದಾಸವಾಳದ ಪಕ್ಕದ ಕಟ್ಟೆಯಲ್ಲಿ ಬಾಳವ್ವಜ್ಜಿ ಹಳೆ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದಳು. ಹುಟ್ಟಲಿರುವ ಮೊಮ್ಮಗುವಿಗೆ ಹೊದಿಸಲು. ಜಗತ್ತೇ ಹೊಸದಾಗಿರುವಾಗ ಅವಳಿಗೆ ಹಳೆ ಬಟ್ಟೆ ಎಲ್ಲಿಂದ ಬಂತು ಅಂತ ಕೇಳಬೇಡಿ. ಅಜ್ಜಿಯರ ಹತ್ತಿರ ಹಳೆ ಬಟ್ಟೆ ಯಾವಾಗಲೂ ಇರುತ್ತದೆ.

"ಅಜ್ಜೀ, ನನಗೂ ಹೊಲಿಯೋದು ಕಲಿಸು," ಎಂದಳು ಟುವ್ವಿ. "ಈ ಸಲಾನೂ ಮೊಟ್ಟಿ ಬಿದ್ರ ನಾ ಬದುಕೂದಿಲ್ಲ."

"ಅಂಥಾ ಮಾತು ಆಡಬಾರದವಾ. ಬಾ, ಕೂಡು. ನಿನ್ನ ಕೊಕ್ಕ ನಿನ್ನ ಸೂಜಿ. ಚುಚ್ಚು, ನೂಲು ಎಳಿ, ಮತ್ತ ಚುಚ್ಚು. ಆದ್ರ ಒಂದು ನೆನಪಿಡು. ಹೊಸಾದ್ದಕ್ಕ ತೂತು ಹಾಕಬಾರದು. ಕೌದಿಗೆ ಹಳೇದ ಬೇಕು."

ಕೌದಿ ಹೊಲಿಯುವವರ ಪದ್ಧತಿಯೇ ಹಾಗೆ. ಟುವ್ವಿ ಅಜ್ಜಿಯ ಮಾತಿನಂತೆ ಉದುರಿದ ಎಲೆಗಳನ್ನೇ ಹುಡುಕಿ ತಂದಳು. ಚುಚ್ಚಿದಳು, ಎಳೆದಳು, ಮತ್ತೆ ಚುಚ್ಚಿದಳು. ಎಲೆಗಳೆಲ್ಲ ಪರಪರ ಅಂತ ಪುಡಿಯಾದವು. ದೂರದಲ್ಲಿ ಗಾಳಿಯ ಸಿಳ್ಳು ಕೇಳಿಸಿತು.

"ಅಜ್ಜೀ, ನೀ ಹೇಳಿದ್ಹಂಗ ಹಳೇದನ್ನ ತಂದೆ. ಎಲ್ಲಾ ಪುಡಿ ಆತು!"

ಬಾಳವ್ವಜ್ಜಿ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಅವಳ ಮುಖ ಸಣ್ಣದಾಯಿತು.

"ಅಯ್ಯ, ನನ್ನ ಬುದ್ಧಿಗಿಷ್ಟು! ಬಟ್ಟಿ-ಅರಿವಿ ಹಳೇದಾದಷ್ಟೂ ಮೆತ್ತಗಾಗತೈತಿ. ಎಲಿ ಹಳೇದಾದಷ್ಟೂ ಗರಿಗರಿ ಆಗತೈತಿ. ನಿನಗ ಬೇಕಾದ್ದು ಜೀವ ಇರೋ ಎಲಿ. ಹೋಗು. ಆದ್ರ ಕೇಳಿ ಚುಚ್ಚು, ಕೇಳದ ಚುಚ್ಚಬ್ಯಾಡ."

ಟುವ್ವಿ ದಾಸವಾಳದ ಅದೇ ಹಸಿರೆಲೆಯ ಮುಂದೆ ಕೂತು, ಚುಚ್ಚಲೇ ಎಂದು ಕೇಳಿದಳು.

"ನೋಯತೈತೇನು?" ಎಂದಿತು ಎಲೆ.

"ಸುಳ್ಳು ಯಾಕ ಹೇಳಲಿ? ಸ್ವಲ್ಪ ನೋಯತೈತಿ."

ಎಲೆ ಹೇಳಿತು, "ನಿನ್ನ ಮೊಟ್ಟಿ ನನ್ನ ಮ್ಯಾಲಿಂದ ಬಿದ್ದಾಗ ನನಗ ಇದಕ್ಕಿಂತ ಭಾಳ ನೋವಾಗಿತ್ತವಾ. ಚುಚ್ಚು. ಆದ್ರ ತೂತು ಸಣ್ಣದಿರಲಿ. ನನ್ನ ಟೊಂಗಿಯಿಂದ ಮಾತ್ರ ಬಿಡಸಬ್ಯಾಡ."

ಟುವ್ವಿ ಸಣ್ಣದಾಗಿ, ತೀರ ಸಣ್ಣದಾಗಿ ಚುಚ್ಚಿದಳು. ಅಜ್ಜಿ ಕೊಟ್ಟ ಹತ್ತಿಯ ನೂಲನ್ನು ಎಳೆದಳು. ಎಲೆಯ ಎರಡು ಅಂಚುಗಳು ಹತ್ತಿರ ಬಂದವು. ಕೊಕ್ಕು ಬಿಟ್ಟ ಕೂಡಲೇ ನೂಲು ಜಾರಿತು, ಅಂಚುಗಳು ದೂರವಾದವು.

"ಗಂಟು ಹಾಕವಾ, ಗಂಟು!" ಅಜ್ಜಿ ಕೂಗಿದಳು.

"ನನಗ ಕೈ ಎಲ್ಲಿ ಅದಾವು?" ಟುವ್ವಿಯೂ ಕೂಗಿದಳು. ಗಾಳಿ ಆಗಲೇ ಹೊಲ ದಾಟಿ ಬರುತ್ತಿತ್ತು. ಟುವ್ವಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನೂಲಿನ ತುದಿಯನ್ನು ಕುಕ್ಕಿದಳು, ಕುಕ್ಕಿದಳು, ಕುಕ್ಕಿದಳು. ನೂಲಿನ ತುದಿ ಬಿಚ್ಚಿಕೊಂಡು ಅರಳೆಯ ಪುಟ್ಟ ಉಂಡೆಯಾಯಿತು. ಎಳೆದು ನೋಡಿದರೆ ಉಂಡೆ ಆ ಸಣ್ಣ ತೂತಿಗೆ ಸಿಕ್ಕಿಕೊಂಡು ನಿಂತಿದೆ! ತೂತು ದೊಡ್ಡದಿದ್ದರೆ ನಿಲ್ಲುತ್ತಿತ್ತೇ?

ಟುವ್ವಿ ಸರಸರ ಹೊಲಿದಳು. ಎಲೆ ಚೀಲವಾಯಿತು. ಒಳಗೆ ಅರಳೆ ಹಾಸಿ ಮೊದಲ ಮೊಟ್ಟೆಯಿಟ್ಟಳು. ಅಷ್ಟರಲ್ಲಿ ಗಾಳಿ ಬಂದೇ ಬಂತು. ಟುವ್ವಿ ಕಣ್ಣು ಮುಚ್ಚಿದಳು. ಎಲೆ ಅತ್ತ ಹೋಯಿತು, ಇತ್ತ ಬಂತು. ಮೊಟ್ಟೆ ಇದ್ದಲ್ಲೇ ಇತ್ತು.

"ಇದು ತೊಟ್ಟಿಲ ಆತಲ್ಲವಾ!" ಗಾಳಿಗೆ ಹೇಳತೀರದ ಸಂತೋಷವಾಯಿತು. "ಇನ್ನ ನಾ ಒಡಿಯೂದಿಲ್ಲ, ತೂಗತೀನಿ."

ಆ ಎಲೆಯೊಳಗೆ ಮರಿಗಳು ಚಿಲಿಪಿಲಿ ಅಂದಾಗ, ಬಾಳವ್ವಜ್ಜಿ ಕೌದಿಯಲ್ಲಿ ಸುತ್ತಿದ ಮೊಮ್ಮಗಳನ್ನು ತಂದು ತೋರಿಸಿದಳು. "ನೋಡವಾ ಕೂಸ, ನಮ್ಮ ಸಿಂಪಿಗರು!" ಎಂದಳು. ಅಂದಿನಿಂದ ಟುವ್ವಿಗೆ ಸಿಂಪಿಗ, ಅಂದರೆ ದರ್ಜಿ, ಎಂಬ ಹೆಸರೂ ಬಂತು.

ಇವತ್ತಿಗೂ ನಿಮ್ಮ ಹಿತ್ತಲಲ್ಲಿ ಚೀಲದಂತೆ ಮಡಿಸಿಕೊಂಡ ಹಸಿರೆಲೆಯೂ ಅದರ ಅಂಚಿನಲ್ಲಿ ಹತ್ತಿಯ ಬಿಳಿ ಚುಕ್ಕೆಗಳೂ ಕಂಡರೆ ಮೆಲ್ಲಗೆ ಹಿಂದೆ ಸರಿಯಿರಿ, ಎಳೆದು ನೋಡಬೇಡಿ. ಆ ಹೊಲಿಗೆಗೆ ಗಂಟೇ ಇಲ್ಲ, ಎಲೆ ಮನಸ್ಸು ಮಾಡಿ ಹಿಡಿದುಕೊಂಡಿದೆ, ಅಷ್ಟೆ.